ಬೆಕ್ಕಿನ ಹಠವೂ ಮನುಷ್ಯನ ತಕ್ಕಡಿಯೂ

ಸಿಹಿಮೂತ್ರರೋಗವು ಮನುಷ್ಯನಿಗೆ ಮಾತ್ರ ಮೀಸಲಾದ ವ್ಯಾಧಿಯೆಂದು ಬಹುಜನರು ತಿಳಿದಿದ್ದಾರೆ. ಅದು ನಿಜವಲ್ಲ. ಮನೆಯಲ್ಲಿ ಸಾಕಿದ ಬೆಕ್ಕಿಗೂ ಈ ರೋಗ ಬರುತ್ತದೆ. ಅದರಲ್ಲಿಯೂ ನಡುವಯಸ್ಸನ್ನು ದಾಟಿ, ಮೈ ಬೆಳೆದು, ಹೊರಗೆ ಅಲೆಯುವ ಅಭ್ಯಾಸ ತಪ್ಪಿ, ಸಂತಾನಹರಣ ಚಿಕಿತ್ಸೆಯಾಗಿರುವ ಗಂಡುಬೆಕ್ಕುಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಬೆಕ್ಕು ಮೇಲಿಂದ ಮೇಲೆ ನೀರು ಕುಡಿಯುತ್ತದೆ. ಹಾಗೆಯೇ ಮೂತ್ರ ಮಾಡುತ್ತದೆ. ಎಷ್ಟು ತಿಂದರೂ ಮೈ ಇಳಿಯುತ್ತ ಹೋಗುತ್ತದೆ. ಪಶುವೈದ್ಯರು ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಿ, ಬಹುಮಟ್ಟಿಗೆ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚಬೇಕೆಂದು ವಿಧಿಸಿ, ಕೊನೆಯಲ್ಲಿ ಇನ್ನೊಂದು ಮಾತು ಸೇರಿಸುತ್ತಾರೆ: "ಒಣ ಆಹಾರವನ್ನು ಬಿಡಿಸಿ, ತೇವದ ಆಹಾರಕ್ಕೆ ತನ್ನಿರಿ."

ಹೇಳುವುದಕ್ಕೆ ಇದು ಒಂದೇ ವಾಕ್ಯ. ಮಾಡುವುದಕ್ಕೆ ಹೊರಟವರಿಗೆ ಗೊತ್ತು ಅದರ ಕಷ್ಟ. ಹಲವು ವರ್ಷಗಳಿಂದ ಗರಿಗರಿಯಾದ ಕಾಳುಗಳನ್ನು ಅಗಿದು ಬೆಳೆದ ಬೆಕ್ಕಿನ ಮುಂದೆ ಮೆತ್ತನೆಯ ಮಾಂಸದ ಮುದ್ದೆಯನ್ನು ಇಟ್ಟರೆ, ಅದು ಮೂಸಿ ನೋಡಿ, ಮಣ್ಣು ಮುಚ್ಚುವಂತೆ ನೆಲವನ್ನು ಕೆರೆದು, ಬಾಲವೆತ್ತಿ ಹೊರಟುಹೋಗುತ್ತದೆ. ಆಗ ಮನೆಯವರೂ ನೆರೆಯವರೂ ಕೊಡುವ ಸಲಹೆ ಒಂದೇ: "ಹೊಟ್ಟೆ ಹಸಿದರೆ ತಾನಾಗಿ ತಿನ್ನುತ್ತದೆ, ಬಿಡಿ." ಹಟಮಾರಿ ಮಕ್ಕಳ ವಿಷಯದಲ್ಲಿ ಈ ಮಾತು ಎಷ್ಟರಮಟ್ಟಿಗೆ ಸರಿಯೋ ತಿಳಿಯದು, ಮಧುಮೇಹದ ಬೆಕ್ಕಿನ ವಿಷಯದಲ್ಲಂತೂ ಪ್ರಾಣಾಪಾಯದ ಮಾತು. ಆಹಾರವನ್ನು ಬದಲಾಯಿಸುವುದು ಯೋಗ್ಯವೇ. ಆದರೆ ಅದಕ್ಕೆ ಹಸಿವು ತಕ್ಕ ಉಪಕರಣವಲ್ಲ, ತಕ್ಕಡಿಯೇ ತಕ್ಕ ಉಪಕರಣ. ಈ ಲೇಖನದಲ್ಲಿ ನಾನು ವಾದಿಸಬೇಕೆಂದಿರುವುದು ಇಷ್ಟೇ.

ಮೊದಲು, ಬದಲಾವಣೆ ಏತಕ್ಕೆ ಬೇಕು? ಬೆಕ್ಕು ಹುಟ್ಟಾ ಮಾಂಸಾಹಾರಿ. ನಮ್ಮ ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿದೆ. ಬೆಕ್ಕಿನ ಎಂಜಲಿನಲ್ಲಿ ಅದು ಇಲ್ಲ. ಊಟದ ಬಳಿಕ ಒಮ್ಮೆಗೇ ನುಗ್ಗಿಬರುವ ಗ್ಲೂಕೋಸನ್ನು ಸೆರೆಹಿಡಿಯಲು ನಮ್ಮ ಯಕೃತ್ತಿನಲ್ಲಿ ಒಂದು ವಿಶೇಷ ಕಿಣ್ವ ದುಡಿಯುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಅದರ ಕಾರ್ಯ ತೀರ ಅಲ್ಪ. ಬದಲಿಗೆ ಬೆಕ್ಕಿನ ಯಕೃತ್ತು ಮಾಂಸದ ಸಸಾರಜನಕದಿಂದಲೇ ಸಕ್ಕರೆಯನ್ನು ಸದಾ ತಯಾರಿಸುತ್ತಿರುತ್ತದೆ. ಬೇಟೆಯಾಡಿ ಬದುಕುವ ಬೆಕ್ಕುಗಳ ಆಹಾರವನ್ನು ಲೆಕ್ಕ ಹಾಕಿದ ವಿಜ್ಞಾನಿಗಳು ೨೦೧೧ರಲ್ಲಿ ಪ್ರಕಟಿಸಿದ ಅಂಕಿಗಳಂತೆ, ಅವುಗಳಿಗೆ ದೊರೆಯುವ ಶಕ್ತಿಯಲ್ಲಿ ನೂರಕ್ಕೆ ೫೨ ಭಾಗ ಸಸಾರಜನಕದಿಂದ, ೪೬ ಭಾಗ ಕೊಬ್ಬಿನಿಂದ, ಕೇವಲ ೨ ಭಾಗ ಶರ್ಕರಪಿಷ್ಟಗಳಿಂದ ಬರುತ್ತದೆ. ಇಲಿಯ ಮೈಯಲ್ಲಿ ಹಿಟ್ಟು ಎಲ್ಲಿಂದ ಬರಬೇಕು! ಇನ್ನೊಂದು ಸ್ವಾರಸ್ಯವನ್ನು ಹೇಳಬೇಕು. ಬೆಕ್ಕಿನ ನಾಲಗೆಗೆ ಸಿಹಿಯೆಂಬ ರುಚಿಯೇ ತಿಳಿಯದು. ಸಿಹಿಯನ್ನು ಗುರುತಿಸುವ ಗ್ರಾಹಕದ ಒಂದು ಭಾಗವನ್ನು ನಿರ್ಮಿಸಬೇಕಾದ ಜೀನು ಬೆಕ್ಕಿನಲ್ಲಿ ಕೆಟ್ಟು ನಿಂತಿದೆಯೆಂದು ಅಮೆರಿಕದ ಫಿಲಡೆಲ್ಫಿಯದ ಮೊನೆಲ್ ಸಂಶೋಧನ ಕೇಂದ್ರದವರು ೨೦೦೫ರಲ್ಲಿ ತೋರಿಸಿದರು. ಸಿಹಿಯನ್ನೇ ಅರಿಯದ ಪ್ರಾಣಿಗೆ ಸಿಹಿಮೂತ್ರರೋಗ ಬರುವುದು ವಿಧಿಯ ವಿನೋದವೆನ್ನಬೇಕು.

ಹೀಗಿರುವಾಗ ಬೆಕ್ಕಿನ ತಟ್ಟೆಗೆ ಪಿಷ್ಟ ಬಂದದ್ದು ಹೇಗೆ? ಇದಕ್ಕೆ ಉತ್ತರ ಯಂತ್ರದಲ್ಲಿದೆ. ಮಾಂಸದ ಪುಡಿ, ಧಾನ್ಯದ ಹಿಟ್ಟು, ನೀರು ಇವುಗಳ ಕಣಕವನ್ನು ಹೆಚ್ಚಿನ ಒತ್ತಡ ಮತ್ತು ಉಷ್ಣತೆಗಳಿಗೆ ಗುರಿಪಡಿಸಿ, ಸಣ್ಣ ರಂಧ್ರದ ಮೂಲಕ ನೂಕಿದರೆ, ಹೊರಗೆ ಬಂದ ಕ್ಷಣದಲ್ಲಿ ಒತ್ತಡ ಇಳಿದು ಒಳಗಿನ ನೀರು ಆವಿಯಾಗಿ ಕಣಕ ಉಬ್ಬುತ್ತದೆ. ಬೆಂದು ಅಂಟಾದ ಪಿಷ್ಟವೇ ಆ ಉಬ್ಬಿದ ಕಾಳು ಕುಸಿಯದಂತೆ ಹಿಡಿದು ನಿಲ್ಲಿಸುವ ಗಾರೆ. ಈ ವಿಧಾನದಿಂದ ತಯಾರಾದ ನಾಯಿಯ ಆಹಾರವನ್ನು ಅಮೆರಿಕದ ಪ್ಯೂರಿನಾ ಸಂಸ್ಥೆ ೧೯೫೭ರಲ್ಲಿ ಮಾರುಕಟ್ಟೆಗೆ ತಂದಿತು. ಬೆಕ್ಕಿನ ಕಾಳುಗಳೂ ಅದೇ ದಾರಿಯನ್ನು ಹಿಡಿದವು. ಕೆಡದೆ ಉಳಿಯುವ, ಕೈಗೆ ಅಂಟದ, ಬೆಲೆಯಲ್ಲಿ ಅಗ್ಗವಾದ ಈ ಆಹಾರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರಿಂದಲೇ ಮಧುಮೇಹ ಬರುತ್ತದೆಂದು ಸಾರುವುದೂ ಸರಿಯಲ್ಲ. ಬೊಜ್ಜು, ವಯಸ್ಸು, ಸೋಮಾರಿ ಜೀವನ, ಕೆಲವು ತಳಿಗಳ ವಂಶಗುಣ ಎಲ್ಲವೂ ಅದರಲ್ಲಿ ಪಾಲುಗಾರರು. ಆದರೆ ರೋಗ ಬಂದ ಮೇಲೆ, ಇನ್ಸುಲಿನ್ನಿನ ಬಲ ಕುಂದಿರುವ ದೇಹದ ಮೇಲೆ ಪಿಷ್ಟದ ಹೊರೆಯನ್ನು ಹೊರಿಸುವುದು ವಿವೇಕವಲ್ಲ.

ಇಲ್ಲಿ ಸ್ವಲ್ಪ ಗಣಿತ ಅವಶ್ಯಕ. ಆಹಾರದ ಪೊಟ್ಟಣದ ಮೇಲೆ ಸಸಾರಜನಕ, ಕೊಬ್ಬು, ನಾರು, ತೇವಾಂಶ ಇವುಗಳ ಅಂಕಿಗಳಿರುತ್ತವೆ. ಕೆಲವೊಮ್ಮೆ ಬೂದಿಯ ಅಂಶವೂ ಇರುತ್ತದೆ. ನಮಗೆ ಬೇಕಾದ ಶರ್ಕರಪಿಷ್ಟದ ಅಂಕಿಯೇ ಬಹುಮಟ್ಟಿಗೆ ಇರುವುದಿಲ್ಲ. ಉಳಿದುವನ್ನೆಲ್ಲ ಕೂಡಿಸಿ ನೂರರಿಂದ ಕಳೆದರೆ ಅದು ಸಿಕ್ಕುತ್ತದೆ. ಉದಾಹರಣೆಗಾಗಿ, ಒಂದು ಒಣ ಆಹಾರದ ನೂರು ಗ್ರಾಮಿನಲ್ಲಿ ಸಸಾರಜನಕ ೩೨, ಕೊಬ್ಬು ೧೨, ನಾರು ೪, ಬೂದಿ ೮, ನೀರು ೮ ಗ್ರಾಂ ಇವೆಯೆಂದು ಇಟ್ಟುಕೊಳ್ಳೋಣ. ಉಳಿದ ೩೬ ಗ್ರಾಂ ಶರ್ಕರಪಿಷ್ಟ. ಸಸಾರಜನಕಕ್ಕೂ ಶರ್ಕರಪಿಷ್ಟಕ್ಕೂ ಗ್ರಾಮಿಗೆ ಮೂರೂವರೆ, ಕೊಬ್ಬಿಗೆ ಎಂಟೂವರೆ ಕಿಲೊಕ್ಯಾಲೊರಿಯಂತೆ ಲೆಕ್ಕ ಹಾಕುವುದು ರೂಢಿ. ಆಗ ಒಟ್ಟು ಶಕ್ತಿ ೩೪೦. ಅದರಲ್ಲಿ ಶರ್ಕರಪಿಷ್ಟದ ಪಾಲು ೧೨೬, ಅಂದರೆ ನೂರಕ್ಕೆ ೩೭. ಈಗ ಮಾಂಸದ ಮುದ್ದೆಯ ಡಬ್ಬಿಯೊಂದನ್ನು ತೆಗೆದುಕೊಳ್ಳೋಣ: ಸಸಾರಜನಕ ೧೧, ಕೊಬ್ಬು ೫, ನಾರು ಅರ್ಧ, ಬೂದಿ ೨, ನೀರು ೮೦. ಉಳಿಯುವುದು ಒಂದೂವರೆ ಗ್ರಾಂ. ಶಕ್ತಿಯ ಲೆಕ್ಕದಲ್ಲಿ ನೂರಕ್ಕೆ ೬. ಮಧುಮೇಹದ ಬೆಕ್ಕಿಗೆ ಈ ಪಾಲು ನೂರಕ್ಕೆ ೧೨ರ ಒಳಗಿದ್ದರೆ ಒಳ್ಳೆಯದೆಂಬುದು ಪಶುವೈದ್ಯರಲ್ಲಿ ಬಳಕೆಯಲ್ಲಿರುವ ಸೂತ್ರ.

ಆದರೆ ತೇವವಾದುದೆಲ್ಲ ಪಿಷ್ಟವಿಲ್ಲದುದೆಂದು ಯಾರೂ ಭಾವಿಸಕೂಡದು. ಗಟ್ಟಿ ಸಾರಿನಲ್ಲಿ ಮಾಂಸದ ಚೂರುಗಳು ತೇಲುತ್ತಿರುವ ಪೊಟ್ಟಣಗಳಿವೆಯಷ್ಟೆ. ಸಾರನ್ನು ಗಟ್ಟಿ ಮಾಡಲು ಅನೇಕ ವೇಳೆ ಹಿಟ್ಟನ್ನೋ ಪಿಷ್ಟವನ್ನೋ ಬಳಸಿರುತ್ತಾರೆ. ಸಸಾರಜನಕ ೮, ಕೊಬ್ಬು ೩, ನಾರು ಅರ್ಧ, ಬೂದಿ ೨, ನೀರು ೮೨ ಇರುವ ಪೊಟ್ಟಣದಲ್ಲಿ ಶರ್ಕರಪಿಷ್ಟ ನಾಲ್ಕೂವರೆ ಗ್ರಾಂ. ನಾಲ್ಕೂವರೆ ಎಂದರೆ ಅಲ್ಪವೆಂದು ತೋರಬಹುದು. ಆದರೆ ಶಕ್ತಿಯ ಲೆಕ್ಕದಲ್ಲಿ ಅದು ನೂರಕ್ಕೆ ೨೩! ನಾಲ್ಕು ಕಿಲೋಗ್ರಾಂ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು ೨೦೦ ಕಿಲೊಕ್ಯಾಲೊರಿ ಬೇಕೆಂದು ಇಟ್ಟುಕೊಂಡರೆ, ಮೇಲಿನ ಒಣ ಆಹಾರದಿಂದ ಅದಕ್ಕೆ ದಿನವೊಂದಕ್ಕೆ ೨೧ ಗ್ರಾಂ, ಗಟ್ಟಿ ಸಾರಿನ ಪೊಟ್ಟಣಗಳಿಂದ ೧೩ ಗ್ರಾಂ, ಮಾಂಸದ ಮುದ್ದೆಯಿಂದ ಮೂರೂವರೆ ಗ್ರಾಂ ಶರ್ಕರಪಿಷ್ಟ ಹೋಗುತ್ತದೆ. ನೀರಿನ ಲೆಕ್ಕವೂ ಗಮನಾರ್ಹ. ಒಣ ಕಾಳಿನೊಡನೆ ಹೊಟ್ಟೆಗೆ ಹೋಗುವ ನೀರು ಐದು ಗ್ರಾಂ ಮಾತ್ರ. ಮುದ್ದೆಯೊಡನೆ ೧೮೬ ಗ್ರಾಂ. ಮರುಭೂಮಿಯ ಕಾಡುಬೆಕ್ಕಿನ ಸಂತತಿಯಾದ, ಬಾಯಾರಿಕೆಯ ಅರಿವು ಮಂದವಾಗಿರುವ ಈ ಪ್ರಾಣಿಗೆ ಇದು ಸಣ್ಣ ಉಪಕಾರವಲ್ಲ.

ಈ ಬದಲಾವಣೆಯಿಂದ ನಿಜವಾಗಿ ಫಲವುಂಟೇ? ೨೦೦೬ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೬೩ ಮಧುಮೇಹದ ಬೆಕ್ಕುಗಳಿಗೆ ಎರಡು ಬಗೆಯ ಆಹಾರ ಕೊಟ್ಟು ನೋಡಿದರು. ಹದಿನಾರು ವಾರಗಳ ಕೊನೆಯಲ್ಲಿ, ಶರ್ಕರಪಿಷ್ಟ ಕಡಮೆಯಿದ್ದ ಆಹಾರವನ್ನು ತಿಂದವುಗಳಲ್ಲಿ ನೂರಕ್ಕೆ ೬೮ ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗಿತ್ತು. ಶರ್ಕರಪಿಷ್ಟ ಸಾಧಾರಣವಾಗಿಯೂ ನಾರು ಹೆಚ್ಚಾಗಿಯೂ ಇದ್ದ ಆಹಾರವನ್ನು ತಿಂದವುಗಳಲ್ಲಿ ನೂರಕ್ಕೆ ೪೧ಕ್ಕೆ. ಮನುಷ್ಯರಲ್ಲಿ ಸುಲಭವಾಗಿ ಕಾಣದ ಈ ಬಿಡುಗಡೆ ಬೆಕ್ಕಿಗೆ ಸಾಧ್ಯವೆಂಬುದೇ ದೊಡ್ಡ ಆಶೆ. ಆದರೆ ಗಮನಿಸಬೇಕಾದ ಸಂಗತಿ ಒಂದುಂಟು: ಈ ಎರಡು ಆಹಾರಗಳೂ ಡಬ್ಬಿಯ ತೇವದ ಆಹಾರಗಳೇ. ಆದುದರಿಂದ ಫಲಕ್ಕೆ ಕಾರಣ ತೇವವೆಂದು ಇದರಿಂದ ಹೇಳಲಾಗದು. ಶರ್ಕರಪಿಷ್ಟದ ಕೊರತೆಗೇ ಹೆಚ್ಚಿನ ಗೌರವ ಸಲ್ಲಬೇಕು. ತೇವ ವಾಹನ ಮಾತ್ರ. ಈ ಭೇದವನ್ನು ಮರೆತವರು ಗಟ್ಟಿ ಸಾರಿನ ಪೊಟ್ಟಣವನ್ನು ತಂದು, ಬೆಕ್ಕಿನೊಡನೆ ತಿಂಗಳುಗಟ್ಟಲೆ ಹೋರಾಡಿ, ಅಲ್ಪಫಲವನ್ನು ಕಂಡು ನಿರಾಶರಾಗುತ್ತಾರೆ.

ಇನ್ನು ಬೆಕ್ಕಿನ ಹಠದ ವಿಚಾರ. ಹಠವೆಂಬುದು ನಾವು ಇಟ್ಟ ಹೆಸರು. ಬೆಕ್ಕಿನ ದೃಷ್ಟಿಯಲ್ಲಿ ಅದು ಎಚ್ಚರಿಕೆ. ಮರಿಯಾಗಿದ್ದಾಗ ಬಾಯಿಗೆ ಅಭ್ಯಾಸವಾದ ಗಟ್ಟಿತನ, ಆಕಾರ, ವಾಸನೆಗಳೇ ಅದಕ್ಕೆ "ಆಹಾರ"ವೆಂಬುದರ ಲಕ್ಷಣ. ಉಳಿದುದು ಆಹಾರವೇ ಅಲ್ಲ. ಅದು ತಿನ್ನಬೇಕೋ ಬೇಡವೋ ಎಂಬುದನ್ನು ಮುಖ್ಯವಾಗಿ ಮೂಗಿನಿಂದ ನಿರ್ಧರಿಸುತ್ತದೆ. ಶೀತಪೆಟ್ಟಿಗೆಯಿಂದ ಆಗತಾನೆ ತೆಗೆದ ಮುದ್ದೆಯಿಂದ ವಾಸನೆಯ ಅಣುಗಳು ಬಹು ಕಡಮೆ ಏಳುತ್ತವೆ. ಉಷ್ಣತೆ ಏರಿದಂತೆ ಆವಿಯೊತ್ತಡವೂ ಏರುತ್ತದೆ. ಸುಮಾರು ೩೮ ಡಿಗ್ರಿಗೆ, ಅಂದರೆ ಬೆಕ್ಕಿನ ಮೈಯ ಬಿಸಿಗೆ ಸಮನಾಗಿ ಬೆಚ್ಚಗೆ ಮಾಡಿದ ಆಹಾರ ಆಗತಾನೆ ಹಿಡಿದ ಬೇಟೆಯಂತೆ ಮೂಗಿಗೆ ತೋರುತ್ತದೆ. ಬೆಚ್ಚಗೆ ಎಂದೆ, ಬಿಸಿ ಎನ್ನಲಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಮೊದಲ ದಿನ ಕುದಿಯುವ ಹಾಲಿಗೆ ಮೂತಿಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲನ್ನು ಕಂಡರೆ ಓಡುತ್ತಿತ್ತು. ಕಥೆ ನಗೆಗಾಗಿ ಹುಟ್ಟಿದ್ದಾದರೂ ಅದರೊಳಗಿನ ಪ್ರಾಣಿಶಾಸ್ತ್ರ ನಿಜವಾದದ್ದು. ಹೊಸ ಆಹಾರದೊಡನೆ ಒಮ್ಮೆ ನೋವೋ ವಾಂತಿಯೋ ಕಹಿ ಔಷಧವೋ ಬೆರೆತರೆ ಬೆಕ್ಕು ಆ ಆಹಾರವನ್ನೇ ವರ್ಜಿಸುತ್ತದೆ. ಆದುದರಿಂದ ಹೊಸ ಆಹಾರದಲ್ಲಿ ಮಾತ್ರೆಯನ್ನು ಅಡಗಿಸುವುದು, ಬಲವಂತವಾಗಿ ಬಾಯಿಗೆ ತುರುಕುವುದು, ಇವೆರಡೂ ಕೂಡದು.

ಹಸಿವಿನಿಂದ ಬಗ್ಗಿಸುವ ಉಪಾಯ ಏಕೆ ಅಪಾಯಕರವೆಂಬುದನ್ನು ಈಗ ವಿವರಿಸಬೇಕು. ಕೊಬ್ಬಿದ ಬೆಕ್ಕು ಕೆಲವು ದಿನ ತಿನ್ನದೆ ಇದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ಬರುತ್ತದೆ. ಅದನ್ನು ಹೊರಗೆ ಸಾಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ಕೊಬ್ಬು ಅಲ್ಲಿಯೇ ಶೇಖರವಾಗಿ ಯಕೃತ್ತು ಕೆಲಸ ನಿಲ್ಲಿಸುತ್ತದೆ, ಕಾಮಾಲೆ ಕಾಣಿಸಿಕೊಳ್ಳುತ್ತದೆ, ಯಕೃತ್ತು ಕೆಟ್ಟ ಬೆಕ್ಕಿಗೆ ಹಸಿವು ಮತ್ತಷ್ಟು ಕುಗ್ಗುತ್ತದೆ. ಹಸಿದರೆ ತಿನ್ನುತ್ತದೆಂಬ ಸೂತ್ರ ಇಲ್ಲಿ ತಲೆಕೆಳಗಾಗುತ್ತದೆ: ಹಸಿದಷ್ಟೂ ತಿನ್ನಲಾರದ ಸ್ಥಿತಿ ಬರುತ್ತದೆ. ಇದು ಆರೋಗ್ಯವಂತ ಬೆಕ್ಕಿನ ಮಾತು. ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿಗೆ ಇನ್ನೊಂದು ಗಂಡಾಂತರ ಕಾದಿದೆ. ಊಟವಿಲ್ಲದ ಹೊಟ್ಟೆಗೆ ಎಂದಿನ ಪೂರ್ಣ ಪ್ರಮಾಣದ ಇನ್ಸುಲಿನ್ ಬಿದ್ದರೆ ರಕ್ತದ ಸಕ್ಕರೆ ಅತಿಯಾಗಿ ಇಳಿದು, ನಿಶ್ಶಕ್ತಿ, ತೂರಾಟ, ನಡುಕ, ಸೆಳವು, ಕೊನೆಗೆ ಮರಣವೇ ಸಂಭವಿಸಬಹುದು. ೨೦೨೨ರಿಂದೀಚೆಗೆ ಅಮೆರಿಕದಲ್ಲಿ ಬೆಕ್ಕುಗಳಿಗೆಂದು ಒಪ್ಪಿಗೆ ಪಡೆದಿರುವ, ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕಿಸುವ ಬಾಯಿಯ ಔಷಧಗಳಿವೆ. ಅವನ್ನು ಪಡೆಯುತ್ತಿರುವ ಬೆಕ್ಕು ಉಪವಾಸ ಬಿದ್ದರೆ, ರಕ್ತದ ಸಕ್ಕರೆ ಹೆಚ್ಚಾಗಿ ಕಾಣದಿದ್ದರೂ ರಕ್ತದಲ್ಲಿ ಆಮ್ಲಗಳು ಸೇರಿ ಪ್ರಾಣಕ್ಕೆ ಸಂಚಕಾರವಾಗಬಹುದು. ಒಂದು ಹಗಲು ಒಂದು ರಾತ್ರಿ ಏನೂ ತಿನ್ನದ ಬೆಕ್ಕನ್ನು ವೈದ್ಯರಿಗೆ ತೋರಿಸಲೇಬೇಕು. ಮಧುಮೇಹದ ಬೆಕ್ಕು ಒಂದು ಹೊತ್ತಿನ ಊಟ ಬಿಟ್ಟರೂ ಇನ್ಸುಲಿನ್ ಚುಚ್ಚುವ ಮೊದಲು ವೈದ್ಯರನ್ನು ಕೇಳಬೇಕು.

ಹಾಗಾದರೆ ದಾರಿ ಯಾವುದು? ಮೊದಲನೆಯದು, ಸದಾ ತುಂಬಿರುವ ತಟ್ಟೆಯನ್ನು ತೆಗೆದು, ಊಟಕ್ಕೆ ಹೊತ್ತನ್ನು ಗೊತ್ತುಮಾಡುವುದು. ಆಹಾರ ಹಳೆಯದೇ ಇರಲಿ. ವೇಳೆ ಮಾತ್ರ ಬದಲಾಗಲಿ. ಎರಡನೆಯದು, ಅಡಿಗೆಮನೆಯ ಸಣ್ಣ ತಕ್ಕಡಿಯಲ್ಲಿ ಇಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ತೂಗಿ ಬರೆದಿಡುವುದು. ಮೂರನೆಯದು, ಹೊಸ ಆಹಾರದ ಒಂದು ಚಮಚವನ್ನು ಬೇರೊಂದು ಅಗಲವಾದ ತಟ್ಟೆಯಲ್ಲಿ, ಹಳೆಯದರ ಪಕ್ಕದಲ್ಲಿಯೇ ಇಡುವುದು. ತಿನ್ನದಿದ್ದರೂ ಚಿಂತೆಯಿಲ್ಲ; ವಾಸನೆ ಪರಿಚಯವಾದರೆ ಸಾಕು. ಅದನ್ನು ಗಂಟೆಗಟ್ಟಲೆ ಹಾಗೆಯೇ ಬಿಟ್ಟು ಹಳಸಲು ಬಿಡಬಾರದು. ಬಳಿಕ ಹಳೆಯ ಕಾಳನ್ನು ಪುಡಿಮಾಡಿ ಹೊಸದರ ಮೇಲೆ ಉದುರಿಸಬಹುದು; ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕದಂತೆ ಮೀನು ಬೇಯಿಸಿದ ನೀರನ್ನು ಚಿಮುಕಿಸಬಹುದು. ಈರುಳ್ಳಿಯ ವರ್ಗ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುವ ವಿಷವೆಂಬುದನ್ನು ಮರೆಯಬಾರದು. ಮುದ್ದೆ ಹಿಡಿಸದಿದ್ದರೆ ಚೂರುಗಳನ್ನೂ, ಕೋಳಿ ಹಿಡಿಸದಿದ್ದರೆ ಮೀನನ್ನೂ ಪರೀಕ್ಷಿಸಬೇಕು. ಆಮೇಲೆ ಹತ್ತರಲ್ಲಿ ಒಂದು ಪಾಲಿನಂತೆ ಹಳೆಯದನ್ನು ಕಡಮೆ ಮಾಡುತ್ತ, ಹೊಸದನ್ನು ಹೆಚ್ಚಿಸುತ್ತ ಹೋಗುವುದು. ಯಾವ ದಿನ ಒಟ್ಟು ಆಹಾರ ಇಳಿಯಿತೋ ಆ ದಿನ ಒಂದು ಹೆಜ್ಜೆ ಹಿಂದಕ್ಕೆ ಬರಬೇಕು. ಸಾಮಾನ್ಯ ಬೆಕ್ಕಿಗೆ ಏಳರಿಂದ ಹತ್ತು ದಿನ ಸಾಕಾಗಬಹುದು. ಚೋಜಿಗದ ಬೆಕ್ಕಿಗೆ ತಿಂಗಳುಗಳೇ ಹಿಡಿದರೂ ನಷ್ಟವಿಲ್ಲ. ವಾರಕ್ಕೊಮ್ಮೆ ಬೆಕ್ಕನ್ನೂ ತೂಗಬೇಕು.

ತಕ್ಕಡಿಗೆ ಇನ್ನೊಂದು ಜೊತೆ ಬೇಕು. ಅದು ರಕ್ತದ ಸಕ್ಕರೆಯ ಅಳತೆ. ಶರ್ಕರಪಿಷ್ಟ ಇಳಿದಂತೆ ಇನ್ಸುಲಿನ್ನಿನ ಅವಶ್ಯಕತೆಯೂ ಇಳಿಯುತ್ತದೆ. ಕೆಲವು ಬೆಕ್ಕುಗಳಲ್ಲಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಊಟ ಹೊಸದಾಗಿ, ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಉಳಿದರೆ, ಒಳ್ಳೆಯ ಆಹಾರವೇ ಬೆಕ್ಕನ್ನು ಅಪಾಯಕ್ಕೆ ನೂಕಿದಂತಾಗುತ್ತದೆ. ಆದುದರಿಂದ ವೈದ್ಯರಿಗೆ ತಿಳಿಸದೆ ಆಹಾರ ಬದಲಾಯಿಸಕೂಡದು. ಅವರನ್ನು ಕೇಳದೆ ಇನ್ಸುಲಿನ್ ಬದಲಾಯಿಸಕೂಡದು. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಮನೆಯಲ್ಲಿಯೇ ಅಳೆಯುವ ಅಭ್ಯಾಸವನ್ನು ಅನೇಕ ಬೆಕ್ಕುಗಳು ಸಹಿಸುತ್ತವೆ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಬೆಕ್ಕಿನ ಸಕ್ಕರೆ ಭಯದಿಂದಲೇ ಏರುವುದರಿಂದ ಮನೆಯ ಅಂಕಿಗೆ ವಿಶೇಷ ಬೆಲೆಯುಂಟು. ಮನುಷ್ಯರ ಮಾಪಕಗಳು ಬೆಕ್ಕಿನ ರಕ್ತದಲ್ಲಿ ಬಹುಮಟ್ಟಿಗೆ ನಿಜಕ್ಕಿಂತ ಕಡಮೆ ತೋರಿಸುತ್ತವೆ. ಯಾವ ಮಾಪಕ ಬಳಸಿದೆವೆಂಬುದನ್ನೂ ಬರೆದಿಡಬೇಕು. ಸಕ್ಕರೆ ಇಳಿದ ಲಕ್ಷಣ ಕಂಡರೆ ಒಸಡಿಗೆ ಗ್ಲೂಕೋಸಿನ ಪಾಕವನ್ನೋ ಜೇನನ್ನೋ ಸವರಿ ಕೂಡಲೆ ವೈದ್ಯರಲ್ಲಿಗೆ ಒಯ್ಯಬೇಕು. ಸೆಳವಿನಲ್ಲಿರುವ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವ ಪಾಠ, ಎರಡು ತಿರುಪುಗಳನ್ನು ಒಮ್ಮೆಗೇ ತಿರುಗಿಸಬೇಡಿ ಎಂಬುದು. ಇಲ್ಲಿಯೂ ಅದೇ ಪಾಠ: ಆಹಾರದಲ್ಲಿ ಒಂದು ಸಣ್ಣ ಹೆಜ್ಜೆ, ಆಮೇಲೆ ಅಳತೆ, ಆಮೇಲೆ ವೈದ್ಯರ ಮಾತಿನಂತೆ ಔಷಧದಲ್ಲಿ ಹೆಜ್ಜೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ತೇವದ ಆಹಾರ ದುಬಾರಿ ಎನ್ನುತ್ತಾರೆ. ನಿಜ. ಮೇಲಿನ ಲೆಕ್ಕದ ಬೆಕ್ಕಿಗೆ ೮೫ ಗ್ರಾಮಿನ ಪೊಟ್ಟಣಗಳು ದಿನಕ್ಕೆ ಸುಮಾರು ಮೂರು ಬೇಕು. ಮನೆಯಲ್ಲಿಯೇ ಕೋಳಿಮಾಂಸ ಬೇಯಿಸಿ ಹಾಕಿದರಾಗದೇ ಎಂದು ಕೇಳುತ್ತಾರೆ. ಬರಿಯ ಬೆಂದ ಮಾಂಸದಲ್ಲಿ ಸುಣ್ಣದ ಅಂಶ ಸಾಲದು. ಬೆಕ್ಕಿಗೆ ಅತ್ಯಗತ್ಯವಾದ ಟಾರೀನ್ ಎಂಬ ವಸ್ತು ಬೇಯಿಸಿದ ನೀರಿನೊಡನೆ ಹೊರಟುಹೋಗುತ್ತದೆ. ಟಾರೀನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಕೆಡುತ್ತದೆಂಬುದು ೧೯೮೭ರಿಂದ ತಿಳಿದಿದೆ. ಒಲಿಸುವುದಕ್ಕಾಗಿ ಸ್ವಲ್ಪ ಕೊಡಬಹುದು, ಅದನ್ನೇ ಊಟವೆನ್ನಲಾಗದು. ಪೊಟ್ಟಣ ಕೊಳ್ಳುವಾಗಲೂ ಅದು ಪೂರ್ಣಾಹಾರವೋ ಬರಿಯ ಪೂರಕವೋ ಎಂದು ಓದಿ ನೋಡಬೇಕು. ನಮ್ಮ ಮನೆಗಳಲ್ಲಿ ವಾಡಿಕೆಯಾಗಿರುವ ಹಾಲನ್ನವಂತೂ ಈ ರೋಗಿಗೆ ಸಲ್ಲದು. ಬೆಕ್ಕೆಂದರೆ ಹಾಲೆಂಬುದು ನಮ್ಮ ಗಾದೆಗಳ ಮಾತು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದೇ ಇಲ್ಲ. ಅನ್ನವಾದರೋ ಪಿಷ್ಟದ ರಾಶಿ. ಮೂತ್ರಪಿಂಡದ ರೋಗವೂ ಜೊತೆಗಿರುವ ಬೆಕ್ಕಿಗೆ ಬೇರೆಯೇ ಲೆಕ್ಕ ಬೇಕಾಗಬಹುದು. ಅದನ್ನು ವೈದ್ಯರೇ ನಿರ್ಣಯಿಸಬೇಕು.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ: ಎಷ್ಟು ಪ್ರಯತ್ನಿಸಿದರೂ ಬೆಕ್ಕು ಒಪ್ಪದಿದ್ದರೆ? ಆಗ ಸೋಲನ್ನು ಒಪ್ಪಿಕೊಳ್ಳುವುದೇ ಜಾಣತನ. ಅದನ್ನು ಸೋಲೆಂದು ಕರೆಯುವುದೂ ಬೇಡ. ಶರ್ಕರಪಿಷ್ಟ ಕಡಮೆಯಿರುವ ಒಣ ಆಹಾರಗಳೂ ಉಂಟು, ಅವು ನಡುದಾರಿಯಾಗಬಹುದು. ಅರ್ಧ ತೇವ ಅರ್ಧ ಒಣ ಎಂಬಲ್ಲಿಗೆ ನಿಂತರೂ ಪಿಷ್ಟದ ಹೊರೆ ಎಷ್ಟೋ ಇಳಿದಿರುತ್ತದೆ. ಹಳೆಯ ಕಾಳನ್ನೇ ಹೊತ್ತಿಗೆ ಸರಿಯಾಗಿ, ತೂಗಿ, ಇನ್ಸುಲಿನ್ನಿನೊಡನೆ ತಿನ್ನುತ್ತಿರುವ ಬೆಕ್ಕು ಚೆನ್ನಾಗಿಯೇ ಬಾಳಬಲ್ಲದು. ಬೆಕ್ಕು ತಿನ್ನದ ಉತ್ತಮ ಆಹಾರಕ್ಕಿಂತ ಅದು ತಿನ್ನುವ ಮಧ್ಯಮ ಆಹಾರವೇ ಮೇಲು. ತಟ್ಟೆಯಲ್ಲಿ ಉಳಿದ ಆಹಾರದಲ್ಲಿ ಶರ್ಕರಪಿಷ್ಟ ಎಷ್ಟು ಕಡಮೆಯಿದ್ದರೇನು ಪ್ರಯೋಜನ?

ಬೆಕ್ಕನ್ನು ಸಾಕುವವರಿಗೆ ಇಷ್ಟು ಹೇಳಿದ ಮೇಲೆ, ಆಹಾರ ತಯಾರಿಸುವವರಿಗೂ ಅದಕ್ಕೆ ನಿಯಮ ಮಾಡುವವರಿಗೂ ಒಂದು ಮಾತು ಹೇಳುವುದು ಉಚಿತ. ರೋಗಿಯ ಮನೆಯವರು ಕೂಡಿ ಕಳೆದು ಶರ್ಕರಪಿಷ್ಟವನ್ನು ಊಹಿಸಬೇಕಾದ ಅವಸ್ಥೆ ಇರಬಾರದು. ಅದರ ಮೇಲೆ, ಪೊಟ್ಟಣದ ಅಂಕಿಗಳು ಅನೇಕ ವೇಳೆ "ಇಷ್ಟಕ್ಕೆ ಕಡಮೆಯಿಲ್ಲ", "ಇಷ್ಟಕ್ಕೆ ಹೆಚ್ಚಿಲ್ಲ" ಎಂಬ ಮಿತಿಗಳು ಮಾತ್ರ. ಅವುಗಳಿಂದ ಬಂದ ಉತ್ತರವೂ ಅಂದಾಜೇ. ಪ್ರತಿ ಪೊಟ್ಟಣದ ಮೇಲೆ ಎರಡು ಅಂಕಿಗಳನ್ನು ಸ್ಪಷ್ಟವಾಗಿ ಅಚ್ಚುಮಾಡಲಿ: ನೂರು ಗ್ರಾಮಿನಲ್ಲಿ ಎಷ್ಟು ಕಿಲೊಕ್ಯಾಲೊರಿ, ಅದರಲ್ಲಿ ನೂರಕ್ಕೆ ಎಷ್ಟು ಭಾಗ ಶರ್ಕರಪಿಷ್ಟದಿಂದ ಬಂದದ್ದು. ತಯಾರಕರಿಗೆ ಇದರಿಂದ ಆಗುವ ಖರ್ಚು ಅಲ್ಪ. ಅಂಗಡಿಯಲ್ಲಿ ನಿಂತು ಪೊಟ್ಟಣವನ್ನು ತಿರುಗಿಸಿ ನೋಡುವವನಿಗೆ ಆಗುವ ಉಪಕಾರ ದೊಡ್ಡದು. ಅಂಕಿ ಕೊಡುವುದು ತಯಾರಕರ ಧರ್ಮ. ಅಂಕಿಯನ್ನು ನೋಡಿ ನಿಧಾನವಾಗಿ ಹೆಜ್ಜೆಯಿಡುವುದು ಸಾಕುವವರ ಧರ್ಮ. ಬೆಕ್ಕಿನಿಂದ ಧರ್ಮವನ್ನು ನಿರೀಕ್ಷಿಸುವಂತಿಲ್ಲ. ಅದು ತನಗೆ ತಿಳಿದ ಒಂದೇ ಭಾಷೆಯಲ್ಲಿ, ತಟ್ಟೆಯಲ್ಲಿ ಉಳಿಸಿದ ಗ್ರಾಮುಗಳ ಭಾಷೆಯಲ್ಲಿ, ಉತ್ತರ ಹೇಳುತ್ತದೆ. ಆ ಉತ್ತರವನ್ನು ತೂಗಿ ಓದುವ ತಾಳ್ಮೆ ನಮಗಿರಬೇಕು.